ಬ್ಲೂ ಲ್ಯಾಂಟರ್ನಿನ ಕೀರ್ತನೆ

ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಿತ್ತು. ಹೊತ್ತವರಲ್ಲಿ ಮುಂದಿದ್ದ ಡ್ರಮ್ ವಾದಕ ಲೂಶಿಯಸ್ ಸ್ವಲ್ಪ ಓರೆ ಮಾಡಿ ಎಂದು ಗೊಣಗಿದ. ಮದ್ಯ ನಿಷೇಧದ ಕಾಲ, ಪೊಲೀಸರು ಒಟ್ಟಿಗೆ ನುಗ್ಗಬಾರದೆಂದು ಷಿಕಾಗೋದ ಆ ನೆಲಮಾಳಿಗೆಯ ಮೆಟ್ಟಿಲನ್ನು ಇಕ್ಕಟ್ಟಾಗಿ ಕಟ್ಟಿಸಿದ್ದರು. ಅದರಲ್ಲಿ ಒಂದು ದಿನ ಹೆಣ ಇಳಿಸಬೇಕಾದೀತು ಎಂದು ಯಾರ ತಲೆಗೂ ಹೊಳೆದಿರಲಿಲ್ಲ.

ಹಿಂದೆ ವರ್ನೆಲ್ಲಾ ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಪೆಟ್ಟಿಗೆಯಲ್ಲಿದ್ದವಳು ಅವಳ ಅಕ್ಕ ಆರ್ಡೆಲ್ಲಾ, ಈ ಬ್ಲೂ ಲ್ಯಾಂಟರ್ನ್ ಕ್ಲಬ್ಬಿನ ಆರ್ಗನ್ ವಾದಕಿ. ಕಳ್ಳಸಾರಾಯಿಯ ಜಾಗದಲ್ಲಿ ನುಡಿಸಿದವಳನ್ನು ಚರ್ಚಿನೊಳಗೆ ತರಕೂಡದು ಎಂದು ಪಾದ್ರಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅದೇ ಚರ್ಚಿನ ಆರ್ಗನ್ ನುಡಿಸುತ್ತಿದ್ದವಳು ವರ್ನೆಲ್ಲಾ. ಅಕ್ಕನನ್ನು ಕೀರ್ತನೆಯಿಲ್ಲದೆ ಮಣ್ಣಿಗೆ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಅಪ್ಪ ಕಲಿಸಿದ ಕೀರ್ತನೆಯ ಎಲ್ಲ ಚರಣಗಳನ್ನೂ ಅಕ್ಕನ ಮುಂದೆ ನುಡಿಸಿ ಮುಗಿಸಬೇಕು. ಅದೊಂದಕ್ಕಾಗಿ ಅವಳು ಜನ್ಮದಲ್ಲಿ ಕಾಲಿಡದ ಜಾಗಕ್ಕೆ ಬಂದಿದ್ದಳು.

ಅಂತೂ ಪೆಟ್ಟಿಗೆ ಕೆಳಗಿಳಿಸಿ ಮುಚ್ಚಳ ತೆಗೆದಾಗ ಜನ ಸಾಲಾಗಿ ಬಂದು ನೋಡಿದರು. ನೋಡಿದವರೆಲ್ಲ ಒಂದು ಕ್ಷಣ ತಬ್ಬಿಬ್ಬಾದರು. ಆರ್ಗನ್ ಮುಂದೆ ಕೂತವಳ ಬೆನ್ನು ಸದಾ ಜನರ ಕಡೆಗೆ. ಅವಳ ಅಂಗಿಯ ಬೆನ್ನಿನ ಗುಂಡಿಗಳು ಎಲ್ಲರಿಗೂ ಗೊತ್ತಿದ್ದವು, ಮುಖ ಯಾರಿಗೂ ಗೊತ್ತಿರಲಿಲ್ಲ.

"ಇವರಿಗೆ ಇಷ್ಟು ವಯಸ್ಸಾಗಿತ್ತಾ?" ಎಂದು ಅಡುಗೆಯ ಪರ್ಲೀನ್ ಕೇಳಿದಳು.

"ನನ್ನನ್ನೇನು ಕೇಳ್ತೀಯ? ನಾನು ಕೂರ್ತಿದ್ದಿದ್ದು ಪಕ್ಕದಲ್ಲಿ. ನಂಗೆ ಬಲಗಿವಿ ಮಾತ್ರ ಗೊತ್ತು" ಎಂದ ಲೂಶಿಯಸ್.

ವರ್ನೆಲ್ಲಾಗೆ ಆ ಮಾತು ಚುಚ್ಚಿತು. ಅವಳೂ ಆ ಮುಖವನ್ನು ಸರಿಯಾಗಿ ನೋಡಿ ವರ್ಷಗಳೇ ಆಗಿದ್ದವು.

* * *

ಮೂಕಿ ಚಿತ್ರಗಳ ಕಾಲದಲ್ಲಿ ಆರ್ಡೆಲ್ಲಾ ಚಿತ್ರಮಂದಿರದಲ್ಲಿ ಆರ್ಗನ್ ನುಡಿಸುತ್ತಿದ್ದಳು. ಚಿತ್ರಗಳಿಗೆ ಮಾತು ಬಂದದ್ದೇ ತಡ, ಆರ್ಗನ್ನೂ ಬೇಡವಾಯಿತು, ಅವಳೂ ಬೇಡವಾದಳು. ಕ್ಲಬ್ಬಿನ ಯಜಮಾನ ಗಾರ್ಲಂಡ್ ಆ ಆರ್ಗನ್ನನ್ನು ಅಗ್ಗಕ್ಕೆ ಕೊಂಡು, ಅದರ ಸ್ವರ ಹೊರಡುವ ಕೊಳವೆಗಳನ್ನೆಲ್ಲ ನೆಲಮಾಳಿಗೆಯ ಗೋಡೆಗೆ ಕೂರಿಸಿ, ಜೊತೆಗೆ ಅವಳನ್ನೂ ಕರೆತಂದ. ಅಂದಿನಿಂದ ವರ್ನೆಲ್ಲಾ ಅಕ್ಕನ ಜೊತೆ ಮಾತು ಬಿಟ್ಟಳು.

ಒಮ್ಮೆ ಮಾಂಸದಂಗಡಿಯಲ್ಲಿ ಇಬ್ಬರೂ ಎದುರುಬದುರಾದರು. ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ.

"ಅಪ್ಪನ ಕೀರ್ತನೇನ ಅಲ್ಲೂ ನುಡಿಸ್ತೀನಿ ಕಣೆ" ಎಂದಳು ಆರ್ಡೆಲ್ಲಾ.

"ಕುಡುಕರ ಮುಂದೆ."

"ಹೂಂ. ಆದ್ರೆ ಒಂದು ಸಲಾನೂ ಕೊನೇವರೆಗೆ ನುಡಿಸೋಕೆ ಆಗಿಲ್ಲ."

ಅಕ್ಕ ನಗುತ್ತಲೇ ಹೇಳಿದ್ದಳು. ಅಪ್ಪನನ್ನೇ ಗೇಲಿ ಮಾಡುತ್ತಿದ್ದಾಳೆಂದು ವರ್ನೆಲ್ಲಾ ಸಿಟ್ಟಾಗಿ, ಏಕೆ ಎಂದೂ ಕೇಳದೆ ಪೊಟ್ಟಣ ಹಿಡಿದು ಹೊರಟುಬಿಟ್ಟಳು.

* * *

ಗಾರ್ಲಂಡ್ ಎಲ್ಲರಿಗೂ ಚಹಾದ ಬಟ್ಟಲಲ್ಲಿ ಜಿನ್ ಹಂಚಿದ. ಇವತ್ತಿನದು ಮಿಸ್ ಆರ್ಡೆಲ್ಲಾ ಹೆಸರಿನಲ್ಲಿ ಎಂದ. ವರ್ನೆಲ್ಲಾ ಅದನ್ನು ಮುಟ್ಟದೆ ಹೋಗಿ ಆರ್ಗನ್ ಮುಂದೆ ಕೂತಳು. ಅಕ್ಕ ಕೂತು ಕೂತು ಬೆಂಚಿನ ತೊಗಲು ತಗ್ಗಾಗಿತ್ತು.

ಮೊದಲ ಸಾಲು ನುಡಿಸುತ್ತಿದ್ದಂತೆ ಗೋಡೆಯೇ ಹಾಡಿದ ಹಾಗಾಯಿತು. ಹಿಂದೆ ಕುರ್ಚಿಗಳು ಕಿರ್ ಎಂದವು. ಬಟ್ಟಲು ಚೆಲ್ಲಿದ ಸದ್ದು, ಬಾಗಿಲು ಬಡಿದ ಸದ್ದು. ಅವಳು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಮೊದಲ ಚರಣ ಮುಗಿಸಿ ತಿರುಗಿದಳು. ಕೋಣೆ ಖಾಲಿ. ಪೆಟ್ಟಿಗೆಯಲ್ಲಿ ಅಕ್ಕ, ಅದರ ಪಕ್ಕದಲ್ಲಿ ಕಣ್ಣು ಮುಚ್ಚಿ ಕೈ ಜೋಡಿಸಿ ಕೂತ ಲೂಶಿಯಸ್, ಇಷ್ಟೇ.

ಅವಳಿಗೆ ಅವಮಾನದಿಂದ ಮೈ ಉರಿಯಿತು. ಇದೇನು ನಿಮ್ಮ ಮರ್ಯಾದೆ ಎಂದು ಕೇಳಿದಳು.

ಲೂಶಿಯಸ್ ಕಣ್ಣು ಬಿಟ್ಟು ಸುತ್ತ ನೋಡಿ ನಾಚಿದ. "ತಪ್ಪು ತಿಳ್ಕೋಬೇಡಿ, ಮಿಸ್ ವರ್ನೆಲ್ಲಾ. ಈ ಕೀರ್ತನೆ ಬಂತು ಅಂದ್ರೆ ಪೊಲೀಸ್ ಬಂದ್ರು ಅಂತ ನಮ್ಮ ಲೆಕ್ಕ. ಬಾಗಿಲಿನವನು ಗಂಟೆ ಒತ್ತಿದ ತಕ್ಷಣ ನಿಮ್ಮಕ್ಕ ಕುಣಿತದ ಹಾಡು ಬಿಟ್ಟು ಇದನ್ನ ಹಿಡೀತಿದ್ರು. ನಾವು ಬಟ್ಟಲು ಚೆಲ್ಲಿ ಓಡೋದು, ಇಲ್ಲಾಂದ್ರೆ ಪ್ರಾರ್ಥನೆ ಮಾಡೋರ ಥರ ಕೂರೋದು. ಪೊಲೀಸ್ರು ಆ ಕಡೆ ಹೋದ್ರೆ ಮತ್ತೆ ಕುಣಿತ. ಅದೇ ಅಭ್ಯಾಸ, ಕಾಲು ತಾನೇ ಎದ್ದುಬಿಡ್ತು ಎಲ್ರಿಗೂ."

"ಪೂರ್ತಿ ಯಾರೂ ಕೇಳೇ ಇಲ್ವಾ?"

"ಎರಡನೇ ಚರಣ ಮುಗಿದಿದ್ದನ್ನ ನಾನಂತೂ ಕೇಳಿಲ್ಲ."

ಮಾಂಸದಂಗಡಿಯಲ್ಲಿ ಅಕ್ಕ ಗೇಲಿ ಮಾಡಿರಲಿಲ್ಲ, ತನ್ನ ಸಂಕಟ ತೋಡಿಕೊಂಡಿದ್ದಳು. ವರ್ನೆಲ್ಲಾಗೆ ದುಃಖ ಉಕ್ಕಿ ಬಂತು. ಕರವಸ್ತ್ರ ಸಿಗದೆ ತೋಳಿನಲ್ಲೇ ಮುಖ ಒರೆಸಿಕೊಂಡಳು.

"ಅವರನ್ನೆಲ್ಲ ಕರೀರಿ. ಇವತ್ತು ಪೊಲೀಸ್ರು ಯಾರೂ ಬರಲ್ಲ ಅಂತ ಹೇಳಿ" ಎಂದಳು.

ಹಿತ್ತಿಲ ಓಣಿಯಿಂದ ಒಬ್ಬೊಬ್ಬರೇ ಹೆಗಲ ಮೇಲಿನ ಹಿಮ ಕೊಡವಿಕೊಂಡು ಒಳಗೆ ಬಂದರು. ಯಾರೂ ಅವಳ ಮುಖ ನೋಡಲಿಲ್ಲ. ಗಾರ್ಲಂಡ್ ಟೊಪ್ಪಿ ತೆಗೆದು ಮುಂದಿನ ಸಾಲಿನಲ್ಲೇ ಕೂತ. ವರ್ನೆಲ್ಲಾ ಮತ್ತೆ ಮೊದಲಿನಿಂದ ಶುರು ಮಾಡಿದಳು. ಎರಡನೆಯ ಚರಣಕ್ಕೆ ಯಾರೋ ಕೆಮ್ಮಿದರು. ಮೂರನೆಯದಕ್ಕೆ ಕೆಮ್ಮೂ ಇಲ್ಲ. ಅಪ್ಪ ಹೇಳಿಕೊಟ್ಟಂತೆ ಕೊನೆಯ ಚರಣವನ್ನು ನಿಧಾನವಾಗಿ ನುಡಿಸಿ, ಕೊನೆಯ ಸ್ವರವನ್ನು ಉದ್ದಕ್ಕೆ ಹಿಡಿದು, ಕೈಯೆತ್ತಿದಳು.

ಯಾರೂ ಆಮೆನ್ ಎನ್ನಲಿಲ್ಲ. ಯಾರೂ ಏಳಲಿಲ್ಲ.

ಅವಳು ತಿರುಗಿ ನೋಡಿದಳು. ಪರ್ಲೀನ್, ಗಾರ್ಲಂಡ್, ಪೆಟ್ಟಿಗೆ ಹೊರಬೇಕಾದ ಗಂಡಸರು, ಎಲ್ಲರೂ ಆರ್ಗನ್ ಕಡೆಗೇ ಮುಖ ಮಾಡಿ, ಟೊಪ್ಪಿಗಳನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ಚರಣಕ್ಕಾಗಿ ಕಾಯುತ್ತಾ ಕೂತಿದ್ದರು.