ತಾವಾಗಿ ಬಿಟ್ಟವರ ಮನೆ

ನಮ್ಮ ಮನೆಯಲ್ಲಿ ಕೆಲಸ ಕಳೆದುಕೊಂಡವರು ಯಾರೂ ಇಲ್ಲ. ಎಲ್ಲರೂ ತಾವಾಗಿ ಬಿಟ್ಟವರೇ. ಮದುವೆಯಾಗಿ ಕೆಂಗಲ್ ಹತ್ತಿರದ ಈ ಮನೆಗೆ ಬಂದ ಮೊದಲ ಹಬ್ಬದಲ್ಲೇ ನನಗೆ ಇದು ತಿಳಿಯಿತು. ಒಬ್ಬಟ್ಟಿನ ಜೊತೆಗೆ ನಮ್ಮ ಮಾವ ಬೋರಲಿಂಗಯ್ಯನವರ ಬಸ್ ಕೀ ಕತೆಯನ್ನೂ ಬಡಿಸಿದ್ದರು.

ಮಾವ ಒಂದು ಕಾಲಕ್ಕೆ ಕನಕಪುರದಿಂದ ಮಾಗಡಿಗೆ ಓಡುತ್ತಿದ್ದ ಖಾಸಗಿ ಬಸ್ಸಿನ ಡ್ರೈವರ್. ಮಾಲೀಕ ಏನೋ ಒಂದು ಮಾತು ಅಂದನಂತೆ. ಮಾವ ಬಸ್ಸಿನ ಕೀಯನ್ನು ಅವನ ಮೇಜಿನ ಮೇಲೆ ಠಣ್ ಅಂತ ಎಸೆದು, "ಇಟ್ಕಳಯ್ಯ ನಿನ್ ಬಸ್ಸ" ಅಂದು, ಟವೆಲ್ ಒದರಿ ಹೆಗಲಿಗೆ ಹಾಕಿಕೊಂಡು ಬಂದುಬಿಟ್ಟರಂತೆ. ಹಬ್ಬದಿಂದ ಹಬ್ಬಕ್ಕೆ ಆ ಕೀ ಇನ್ನಷ್ಟು ಜೋರಾಗಿ ಬೀಳುತ್ತಿತ್ತು. ಒಂದು ವರ್ಷ ಮೇಜಿನ ಗಾಜೂ ಒಡೆಯಿತು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ನನ್ನ ಗಂಡ ಅಶ್ವಥ್ ಮಾತ್ರ ನಗುತ್ತಿರಲಿಲ್ಲ. ಅವರು ಅದನ್ನು ಕೇಳಿಕೊಂಡೇ ಬೆಳೆದವರು.

ಇವರು ಬಿಡದಿಯಲ್ಲಿ ಕಾರಿನ ಬಾಗಿಲಿಗೆ ರಬ್ಬರ್ ಪಟ್ಟಿ ಮಾಡುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದರು. ಹೋದ ಶಿವರಾತ್ರಿ ಕಳೆದ ಮೇಲೆ ಇವರ ಲೈನು ನಿಂತಿತು. ಆರ್ಡರ್ ಕಮ್ಮಿ, ಆಳು ಜಾಸ್ತಿ ಎಂದು ಕಂಪನಿಯವರು ಒಬ್ಬೊಬ್ಬರನ್ನೇ ಆಫೀಸಿಗೆ ಕರೆದರು. ಅಲ್ಲಿದ್ದ ಎಚ್.ಆರ್.ನವನದು ಬೆಣ್ಣೆಯಂಥ ಮಾತು. "ನಾವು ತೆಗೆದೆವು ಅಂತಾದರೆ ನಿಮಗೇ ಕೆಟ್ಟ ಹೆಸರು. ಸ್ವಂತ ಕಾರಣಕ್ಕೆ ಬಿಡ್ತಿದ್ದೀನಿ ಅಂತ ಬರೆದುಕೊಟ್ಟು ಮರ್ಯಾದೆಯಾಗಿ ಹೋಗಿ" ಅಂದನಂತೆ. ಮರ್ಯಾದೆ! ನಮ್ಮ ಮನೆಯವರನ್ನು ಹಿಡಿಯುವುದಕ್ಕೆ ಅದೊಂದು ಗಾಳ ಸಾಕು. ಇವರು ಬರೆದುಕೊಟ್ಟು ಬಂದರು.

ಸಂಜೆ ಜಗುಲಿಯಲ್ಲಿ ಕೂತಿದ್ದ ಮಾವನಿಗೆ, ಚಪ್ಪಲಿ ಬಿಡುವ ಮೊದಲೇ ಹೇಳಿದರು: "ಕೆಲ್ಸ ಬುಟ್ಬುಟ್ಟೆ ಕಣಪ್ಪ."

"ಭೇಷ್! ನನ್ ಮಗ ಕಣ್ಲಾ ನೀನು" ಅಂತ ಮಾವ ತೊಡೆ ತಟ್ಟಿದರು.

ಇವರು ನನ್ನ ಕೈಗೆ ಕೊಟ್ಟ ಊಟದ ಡಬ್ಬಿ ತುಂಬಿದ ಹಾಗೇ ಇತ್ತು. ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಎಲ್ಲಾ ಹೇಳಿದರು. "ಅಪ್ಪಂಗೆ ಹೇಳ್ಬ್ಯಾಡ ಕಣೇ" ಅಂದರು. ಆಯಿತು ಅಂದೆ. ಗಂಡನ ಮಾನ ಅಂದುಕೊಂಡೆ. ಅದರ ಬೆಲೆ ಏನೆಂದು ನನಗಾದರೂ ಏನು ಗೊತ್ತಿತ್ತು?

ಗೊತ್ತುಮಾಡಿಸಿದವನು ಮುಜಾಮಿಲ್. ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ ಮನೆತನದ ಹುಡುಗ, ಇವರ ಲೈನಿನವನೇ. ಅವನು ಮಾತ್ರ ಬರೆದುಕೊಡದೆ ಎದ್ದು ಬಂದಿದ್ದ.

"ನಮ್ಮಪ್ಪ ಗೂಡಿನ ಮಾರ್ಕೆಟ್ಟಲ್ಲೇ ಹಣ್ಣಾದೋರು ಅಕ್ಕ. ತೂಕ ನೋಡ್ದೆ ಚೀಟಿ ಮುಟ್ಬ್ಯಾಡ ಅಂತ ಹೇಳ್ಕೊಟ್ಟವ್ರೆ" ಅಂತ ನಮ್ಮ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಹೇಳಿದ. ಪುಣ್ಯಕ್ಕೆ ಮಾವ ಹೊಲದ ಕಡೆ ಹೋಗಿದ್ದರು. "ಆಳು ಜಾಸ್ತಿ ಅಂತ ತೆಗುದ್ರೆ ಕಂಪ್ನಿ ನೋಟಿಸ್ ಕೊಡ್ಬೇಕು, ಇಲ್ಲ ತಿಂಗ್ಳ ಸಂಬಳ ಕೊಡ್ಬೇಕು. ಸರ್ವಿಸ್ ಒಂದೊಂದ್ ವರ್ಷಕ್ಕೂ ಹದಿನೈದು ದಿನದ ಸಂಬಳ ಪರಿಹಾರ. ಅದಕ್ಕಿಂತ ದೊಡ್ಡದು ಇನ್ನೊಂದೈತೆ. ಮತ್ತೆ ಆಳು ಬೇಕಾದ್ರೆ ಮೊದ್ಲು ತೆಗ್ದೋರನ್ನೇ ಕರೀಬೇಕು. ತಾನಾಗಿ ಬುಟ್ಟೋರಿಗೆ ಇದ್ಯಾವ್ದೂ ಇಲ್ಲ. ಗ್ರಾಚ್ಯುಟಿ ಒಂದು ಸಿಗ್ತದೆ, ಅಷ್ಟೇಯ."

ಇವರು ಕಾಫಿ ಲೋಟ ಕೆಳಗಿಟ್ಟರು.

"ಹೆದ್ರಬ್ಯಾಡ ಅಶ್ವಥಣ್ಣ. ರಾಮನಗರದ ಲೇಬರ್ ಆಫೀಸಿಗೆ ದೂರು ಕೊಟ್ಟಿವ್ನಿ, ನಿನ್ ಹೆಸ್ರೂ ಸೇರಿಸಿವ್ನಿ. ಬಲವಂತವಾಗಿ ಬರಸ್ಕೊಂಡ್ರು, ನಿಜವಾಗ್ಲೂ ತೆಗುದ್ರು ಅಂತ ಅಲ್ಲಿನ ಆಫೀಸರ್ ಮೇಡಂ ಮುಂದೆ ನೀನು ಬಾಯ್ಬುಟ್ಟು ಹೇಳ್ಬೇಕು. ಒಂದೇ ಮಾತು."

ವಿಚಾರಣೆಯ ಹಿಂದಿನ ದಿನ, ಮಾವ ಹೊಲಕ್ಕೆ, ಮಗಳು ಸಿರಿ ಆಡಲು ಹೋಗಿದ್ದಾಗ, ನಾನು ಅಕ್ಕಿ ಆರಿಸುತ್ತಾ ಮೇಡಂ ಆದೆ. "ನೀವೇ ಬಿಟ್ಟಿರೋ, ಅವರು ತೆಗೆದರೋ?"

"ತೆಗುದ್ರು ಮೇಡಂ."

"ಜೋರಾಗಿ ಹೇಳ್ರೀ, ಕೇಳಿಸ್ತಿಲ್ಲ."

"ತೆಗುದ್ರು ಮೇಡಂ!"

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಇವರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ನಾನು ಮೊರ ಕೆಳಗಿಟ್ಟು ಪಕ್ಕದಲ್ಲಿ ಕೂತೆ.

ಬೆಳಗ್ಗೆ ಹೊರಡುವ ಹೊತ್ತಿಗೆ ಮಾವ ಮಡಿಸಿಟ್ಟ ಬಿಳಿ ಪಂಚೆಯುಟ್ಟು ಬಾಗಿಲಲ್ಲಿ ನಿಂತಿದ್ದರು. ಬರಬೇಕಾದ ಬಾಕಿ ಕೇಳುವುದಕ್ಕೆ ಹೋಗುತ್ತಿದ್ದೇವೆ ಎಂದಷ್ಟೇ ಅವರಿಗೆ ಗೊತ್ತಿತ್ತು.

"ಬಿಸ್ಲು ಜಾಸ್ತಿ ಮಾವ, ನೀವು ಮನೇಲೇ ಇರಿ" ಅಂದೆ.

"ಕಚೇರಿ ಮೆಟ್ಲ ಹಿರೀಕ್ರಿಲ್ದೆ ಹತ್ಬಾರ್ದು ಕಣವ್ವ. ಜೊತೆಗೊಬ್ಬ ಹಿರೀಕ ಇದ್ರೆ ಒಸಿ ತೂಕ ಇರ್ತದೆ" ಅಂದವರೇ ಮುಂದೆ ನಡೆದರು. ಬಸ್ಸು ಆಂಜನೇಯನ ಗುಡಿ ದಾಟುವಾಗ, ಇವತ್ತೊಂದು ದಿನ ಇವರ ನಾಲಿಗೆಯನ್ನು ಕಾಯಪ್ಪ ಎಂದು ಕೈಮುಗಿದೆ.

ಲೇಬರ್ ಆಫೀಸಿನಲ್ಲಿ ಮೇಡಂ ಸಮಾಧಾನದ ಹೆಂಗಸು. ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳುತ್ತಿದ್ದರು. ಬರೆದುಕೊಟ್ಟಿದ್ದ ಇನ್ನಿಬ್ಬರು ಬಲವಂತ ಅಂದರು, ಅದನ್ನೂ ಬರೆದುಕೊಂಡರು. ಕಂಪನಿಯ ಕಡೆಯ ಎಚ್.ಆರ್.ನವನು ಪೆನ್ನು ಕಚ್ಚುತ್ತಾ ಕೂತಿದ್ದ. ಹಿಂದಿನ ಬೆಂಚಿನಲ್ಲಿ ನಾನು, ನನ್ನ ಪಕ್ಕ ಮಾವ, ಬಸ್ಸಿನ ಸೀಟಿನಲ್ಲಿ ಕೂತ ಹಾಗೆ ನೆಟ್ಟಗೆ.

"ಅಶ್ವಥ್, ನೀವೇ ಕೆಲಸ ಬಿಟ್ಟಿರೋ, ಕಂಪನಿಯವರು ತೆಗೆದರೋ?"

ಇವರು ಒಂದು ಸಲ ಹಿಂದಕ್ಕೆ ತಿರುಗಿದರು. ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದರು.

"ನಾನೇ ಬುಟ್ಟೆ ಮೇಡಂ."

"ಯಾರೂ ಬಲವಂತ ಮಾಡಲಿಲ್ಲವಾ? ಯೋಚನೆ ಮಾಡಿ ಹೇಳಿ."

"ಬಲವಂತಕ್ಕೆ ಬಗ್ಗೋ ಮನೆತನ ಅಲ್ಲ ಮೇಡಂ ನಮ್ದು."

ಮುಜಾಮಿಲ್ ಹಣೆ ಚಚ್ಚಿಕೊಂಡ. ನನಗೆ ಬಂದ ಕೋಪಕ್ಕೆ ಎದ್ದು ಹೋಗಿ ಇವರ ಕುತ್ತಿಗೆಪಟ್ಟಿ ಹಿಡಿದು ಅಲ್ಲಾಡಿಸಬೇಕೆನ್ನಿಸಿತು.

"ಯಾಕವ್ವಾ, ಅವ್ನು ತಲೆ ಚಚ್ಕೊಂಡ? ಬುಟ್ಟೆ ಅಂದ್ರೆ ಏನಾಯ್ತದೆ?" ಮಾವ ಪಿಸುಗುಟ್ಟಿದರು.

ಕೊಟ್ಟ ಮಾತು ಅಲ್ಲೇ ಮುರಿದೆ. "ಬುಟ್ಟೋರಿಗೆ ಏನೂ ಇಲ್ಲ ಮಾವ. ತೆಗುದ್ರು ಅಂದ್ರೆ ಪರಿಹಾರ ಐತೆ, ಮತ್ತೆ ಕೆಲ್ಸಕ್ಕೆ ಕರೀಬೇಕು. ನಿಮ್ ಮಗ ಬುಡ್ಲಿಲ್ಲ, ತೆಗ್ದವ್ರೆ. ನಿಮ್ಮೆದ್ರಿಗೆ ಹೇಳಕ್ಕೆ ನಾಚ್ಕೆ."

ಮಾವ ಬೆಂಚು ಹಿಡಿದು ಎದ್ದರು.

"ಮೇಡಮ್ಮೋರೇ, ಕೀ ನಾನು ಎಸೀಲಿಲ್ಲ."

"ಯಾವ ಕೀ, ತಾತ?"

"ಬಸ್ ಕೀ. ಮಾಲೀಕ್ರು ನನ್ ಕೈಯಿಂದ ಕಿತ್ಕಂಡ್ರು. ನಾಳೆಯಿಂದ ಬರ್ಬ್ಯಾಡ ಅಂದ್ರು. ಕಾಲಿಗ್ ಬಿದ್ದೆ, ಕೇಳ್ನಿಲ್ಲ. ಹೆಂಡ್ರು ಮಕ್ಳಿಗೆ ಹೆಂಗ್ ಮಕ ತೋರ್ಸದು ಅಂತ, ಎಸ್ದುಬುಟ್ಟು ಬಂದೆ ಅಂದೆ. ನನ್ ಮಗನ್ನೂ ತೆಗ್ದವ್ರೆ. ನನ್ ಸುಳ್ಳ ನಂಬ್ಕಂಡು ಹಿಂಗಂತಾವ್ನೆ. ತೆಗುದ್ರು ಅಂತ್ಲೇ ಬರ್ಕಳಿ ಮೇಡಮ್ಮೋರೇ."

ಅಷ್ಟು ಜನರ ಮುಂದೆ ಕೈಮುಗಿದು ನಿಂತಿದ್ದರು. ನಗುವಂಥ ಆ ಕತೆ ಇಷ್ಟು ವರ್ಷ ಏನನ್ನು ಮುಚ್ಚಿಟ್ಟಿತ್ತು ಎಂದು ನನಗೆ ಆಗ ತಿಳಿಯಿತು. ನಕ್ಕಿದ್ದಕ್ಕೆಲ್ಲ ನಾಚಿಕೆಯಾಯಿತು.

ಮೇಡಂ ಪೆನ್ನು ಕೆಳಗಿಟ್ಟರು. "ಅಶ್ವಥ್, ಇನ್ನೂ ನೀವು ಸಹಿ ಮಾಡಿಲ್ಲ. ನಿಮ್ಮ ತಂದೆ ಹೇಳಿದ್ದು ನಿಜ ಅನ್ನಿ, ನಿಮ್ಮ ಹೇಳಿಕೆ ಬದಲಾಯಿಸಿ ಬರೆದುಕೊಳ್ತೀನಿ."

ಹೇಳಿಬಿಡಿ, ಹೇಳಿಬಿಡಿ ಅಂತ ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಇವರು ಅಪ್ಪನ ಮುಗಿದ ಕೈಗಳನ್ನು ನೋಡಿದರು. ಎಚ್.ಆರ್.ನವನ ತುಟಿಯ ಕೊನೆಯಲ್ಲಿದ್ದ ನಗುವನ್ನೂ ನೋಡಿದರು.

"ಅಪ್ಪಂಗೆ ವಯಸ್ಸಾಯ್ತು ಮೇಡಂ, ಏನೇನೋ ಅಂತಾರೆ" ಅಂದರು. "ಅವ್ರು ಯಾರ್ ಕಾಲಿಗೂ ಬಿದ್ದೋರಲ್ಲ. ಕೀ ಎಸ್ದಿದ್ದು ಊರಿಗೇ ಗೊತ್ತು."

ಸಹಿ ಮಾಡಿ, ಅಪ್ಪನ ತೋಳು ಹಿಡಿದು ಮೆಟ್ಟಿಲು ಇಳಿಸಿಕೊಂಡು ಹೋದರು.

ಮುಜಾಮಿಲ್ ಬಸ್ ಸ್ಟ್ಯಾಂಡಿನವರೆಗೂ ಹಿಂದೆಯೇ ಬಂದ. "ಒಂದ್ ಮಾತು ಕಣಣ್ಣ, ಒಂದೇ ಒಂದ್ ಮಾತು" ಅನ್ನುತ್ತಾ ಅತ್ತುಬಿಟ್ಟ. ಇವರು ಅವನ ಬೆನ್ನು ಸವರಿ ಬಸ್ಸು ಹತ್ತಿದರು.

ಮುಜಾಮಿಲ್‌ಗೂ ಬಾಯಿಬಿಟ್ಟು ಹೇಳಿದ ಇಬ್ಬರಿಗೂ ಪರಿಹಾರ ಬಂತು. ಆಷಾಢ ಕಳೆದ ಮೇಲೆ ಲೈನು ಮತ್ತೆ ಶುರುವಾಯಿತು, ಮೊದಲು ಅವರನ್ನೇ ಕರೆದರು. ಕಂಪನಿ ಬಸ್ಸು ಬೆಳಗ್ಗೆ ನಮ್ಮ ತಿರುವಿನಲ್ಲಿ ಹಾರ್ನ್ ಹಾಕಿದಾಗ ಇವರು ಹಿತ್ತಲಿಗೆ ಹೋಗುತ್ತಾರೆ. ಅದು ಹೋದ ಮೇಲೆ ಸೈಕಲ್ ತೆಗೆದುಕೊಂಡು ಚನ್ನಪಟ್ಟಣದ ಮರದ ಡಿಪೋಗೆ, ಸಿಕ್ಕಿದ ದಿನ ದಿಮ್ಮಿ ಇಳಿಸುವುದಕ್ಕೆ. ಹೆಗಲು ತರಚಿಕೊಂಡು ಬರುತ್ತಾರೆ. ಎಣ್ಣೆ ಹಚ್ಚುವಾಗಲೆಲ್ಲ ಬೈಯಬೇಕೆಂದು ಬಾಯಿ ತೆರೆಯುತ್ತೇನೆ, ಆಗುವುದಿಲ್ಲ.

ಈ ಸಲ ಪಿತೃಪಕ್ಷಕ್ಕೆ ನೆಂಟರು ಬಂದಿದ್ದರು. ಎಲೆ ಹಾಕಿದ ಮೇಲೆ ಸಿರಿ ತಾತನ ಮೊಣಕಾಲು ಹಿಡಿದಳು. "ತಾತ, ಬಸ್ ಕೀ ಕತೆ ಹೇಳು."

"ಮರ್ತೋಯ್ತು ಮಗಾ" ಅಂದರು ಮಾವ.

"ನಾನೇಳ್ತೀನಿ ಬಾ" ಅಂತ ಇವರು ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಮಾಲೀಕನ ಮಾತು, ಮೇಜು, ಟವೆಲ್ ಒದರಿದ್ದು, ಒಂದನ್ನೂ ಬಿಡಲಿಲ್ಲ. ಕೀ ಬಿದ್ದ ಸದ್ದನ್ನು ಲೋಟಕ್ಕೆ ಚಮಚ ಬಡಿದು ಮಾಡಿ ತೋರಿಸಿದರು. ನೆಂಟರೆಲ್ಲ ನಕ್ಕರು, ಸಿರಿ ಚಪ್ಪಾಳೆ ತಟ್ಟಿದಳು. ಸಾರಿನ ಪಾತ್ರೆ ಹಿಡಿದು ನಿಂತಿದ್ದ ನನಗೆ ಕಣ್ಣು ಮಂಜಾಗಿ ಎಲೆ ಕಾಣಲಿಲ್ಲ.

ಮಾವ ತಲೆ ಎತ್ತದೆ ಮುದ್ದೆ ಮುರಿಯುತ್ತಿದ್ದರು.