ಮುಂದೆ ಎರಡು ಕಿಲೋಮೀಟರಿಗೆ ಪುಕ್ಕಟೆ ಟೀ

ಗ್ಲೆನಿಸ್ ಪತ್ರ ಓದತೊಡಗಿದಾಗ ಡಾರಿಲ್ ಪೆಂಗೆಲ್ಲಿ ತನ್ನ ಎರಡನೇ ಮೊಟ್ಟೆಯನ್ನು ಕತ್ತರಿಸುತ್ತಿದ್ದ. ಬುಧವಾರ ಬೆಳಿಗ್ಗೆ ಏಳಕ್ಕೆ ವಂಡಿಲ್ಲಾ ಸೇವಾ ಕ್ಲಬ್ಬಿನ ಸಭೆ. ಬೌಲಿಂಗ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಹನ್ನೊಂದು ಜನ ಕೂತಿದ್ದರು. ಪತ್ರಗಳನ್ನು ಓದುವಾಗ ತಿನ್ನಬಹುದು, ಮಾತಾಡುವಂತಿಲ್ಲ. ಸಾಮಾನ್ಯವಾಗಿ ಬರುವುದು ಕೌನ್ಸಿಲ್ಲಿನ ಪತ್ರ, ಶಾಲೆಯ ಬೆಂಚಿಗೆ ಬಣ್ಣ ಬಳಿದುಕೊಡಿ ಎಂಬ ಕೋರಿಕೆ, ಅಷ್ಟೆ.

ಇದು ಹಾಗಿರಲಿಲ್ಲ. ರೊವೀನಾ ಕ್ಯಾಸಿಡಿ ಎಂಬ ಹೆಂಗಸು ಕೈಯಲ್ಲಿ ಬರೆದಿದ್ದಳು. ಈಸ್ಟರ್ ಸೋಮವಾರ ಸಂಜೆ ನಿಮ್ಮೂರು ದಾಟಿ ಇಪ್ಪತ್ತೈದು ಕಿಲೋಮೀಟರಿನಲ್ಲಿ ಮರಕ್ಕೆ ಗುದ್ದಿ ಸತ್ತವನು ನನ್ನ ಗಂಡ ಡೀನ್. ಐದೂಕಾಲಿಗೆ ದಾರಿಯಿಂದ ಫೋನ್ ಮಾಡಿದ್ದ. ಕಣ್ಣು ಎಳೆಯುತ್ತಿದೆ, ಪುಕ್ಕಟೆ ಟೀ ಇದೆ ಅಂತ ಬೋರ್ಡು ಕಾಣಿಸಿತು, ನಿಲ್ಲಿಸಿ ಕುಡಿದು ಬರುತ್ತೇನೆ ಅಂದಿದ್ದ. ಅವನ ಕೊನೆಯ ಟೀಯನ್ನು ಯಾರೋ ಒಳ್ಳೆಯವರು ಕೊಟ್ಟರು ಅನ್ನುವುದೊಂದೇ ನನಗೆ ಈಗ ಸಮಾಧಾನ. ಅವತ್ತು ಅಲ್ಲಿದ್ದವರು ಯಾರು? ಅವನು ಏನಾದರೂ ಮಾತಾಡಿದನೇ? ಎರಡು ಸಾಲು ಬರೆದರೆ ಇಟ್ಟುಕೊಳ್ಳುತ್ತೇನೆ. ಕೆಳಗೆ ಫೋನ್ ನಂಬರಿತ್ತು.

ಗ್ಲೆನಿಸ್ ಕನ್ನಡಕ ತೆಗೆದಳು. ಅವಳು ಆ ವರ್ಷದ ಅಧ್ಯಕ್ಷೆ, ಮೂವತ್ತು ವರ್ಷ ಪೋಸ್ಟಾಫೀಸು ನಡೆಸಿದವಳು. "ಇದಕ್ಕೇ ಕಣ್ರೀ ನಾವು ಇರೋದು," ಅಂದಳು. ಯಾರೋ ಚಪ್ಪಾಳೆ ಶುರುಮಾಡಿದರು, ಉಳಿದವರೂ ತಟ್ಟಿದರು.

ಟೀ ಅಂಗಡಿ ಕ್ಲಬ್ಬಿನ ಹೆಮ್ಮೆ. ಉದ್ದದ ರಜೆಗಳಲ್ಲಿ ಹೆದ್ದಾರಿ ಪಕ್ಕದ ತಂಗುದಾಣದಲ್ಲಿ ತಗಡಿನ ಶೆಡ್ಡು ತೆರೆದು, ಬೆಳಿಗ್ಗೆಯಿಂದ ಸಂಜೆ ಆರರ ತನಕ ದಣಿದ ಡ್ರೈವರುಗಳಿಗೆ ಟೀ, ಬಿಸ್ಕತ್ತು ಕೊಡುತ್ತಾರೆ. ಎರಡೂ ಕಡೆಯ ರಸ್ತೆಯಲ್ಲಿ ಎರಡು ಕಿಲೋಮೀಟರ್ ಮುಂಚೆ ಬೋರ್ಡು ನಿಲ್ಲಿಸುತ್ತಾರೆ. ಮುಚ್ಚುವ ಮೊದಲು ಬೋರ್ಡು ಎತ್ತಿಡಬೇಕು, ಆಮೇಲೆ ಶಟರು. ಈ ಕ್ರಮವನ್ನು ಶೆಡ್ಡಿನ ಬಾಗಿಲಿಗೇ ಬರೆದು ಅಂಟಿಸಿದ್ದಾರೆ.

"ಸೋಮವಾರ ಮಧ್ಯಾಹ್ನ ಯಾರ ಸರದಿ?" ಗ್ಲೆನಿಸ್ ಕೇಳಿದಳು.

"ನಂದೂ ಡಾರಿಲ್‌ದೂ," ಅಂದ ಕ್ಲೆಮ್ ಝ್ವಾರ್. ಅವನಿಗೆ ಎಂಬತ್ತೊಂದು. "ನಾನು ನಾಲ್ಕಕ್ಕೇ ಮನೆಗೆ ಹೋದೆನಮ್ಮ. ಮಂಡಿ ಹಿಡ್ಕೊಂಡಿತ್ತು. ನೀ ಹೋಗಜ್ಜ, ನಾ ನೋಡ್ಕೋತೀನಿ ಅಂದ ಇವನು."

ಎಲ್ಲರೂ ಡಾರಿಲ್ ಕಡೆ ತಿರುಗಿದರು. ಅವನ ಬಾಯಲ್ಲಿ ಮೊಟ್ಟೆ ಇತ್ತು. ನುಂಗಿದ.

"ಹಾಗಾದ್ರೆ ಕೊಟ್ಟವನು ನೀನೇ," ಅಂದ ಪಕ್ಕದಲ್ಲಿದ್ದ ನೆವ್ ಶುಲ್ಟ್ಸ್, ಬೆನ್ನು ತಟ್ಟಿ. "ಹೇಗಿದ್ದನಪ್ಪಾ ಮನುಷ್ಯ?"

"ತುಂಬಾ ಜನ ಬಂದಿದ್ರು. ನೆನಪಿಲ್ಲ," ಅಂದ ಡಾರಿಲ್.

"ನೆನಪು ಮಾಡ್ಕೋ," ಅಂದಳು ಗ್ಲೆನಿಸ್. "ತಿಂಡಿ ಮುಗಿಸಿ ಎರಡು ಸಾಲು ಬರೆದುಕೊಡು. ಇವತ್ತಿನ ಟಪಾಲಿಗೇ ಹಾಕ್ತೀನಿ."

ನಿಜಕ್ಕೂ ಅವತ್ತು ಆ ಹೊತ್ತಿಗೆ ಯಾರೂ ಬಂದಿರಲಿಲ್ಲ. ಕ್ಲೆಮ್ ಹೋದ ಮೇಲೆ ಕಾಲು ಗಂಟೆ ಒಂದು ಗಾಡಿಯೂ ತಿರುಗಲಿಲ್ಲ. ಮನೆಯಲ್ಲಿ ಟಿವಿಗೆ ಫುಟ್‌ಬಾಲ್ ಬರುತ್ತಿತ್ತು, ಕೊನೆಯ ಭಾಗ ಸಿಗುತ್ತದೆ ಅನ್ನಿಸಿತು. ನಾಲ್ಕೂಕಾಲಿಗೆ ಡಾರಿಲ್ ಶಟರು ಎಳೆದ. ಬೋರ್ಡುಗಳನ್ನು ಬೆಳಿಗ್ಗೆ ಎತ್ತಿದರಾಯಿತು ಅಂದುಕೊಂಡ. ಆರು ಗಂಟೆಗೆ ಪೊಲೀಸರು ಫೋನ್ ಮಾಡಿದರು. ಊರಿನಲ್ಲಿ ಗಾಡಿ ಎಳೆಯುವ ಲಾರಿ ಇರುವುದು ಅವನ ಟೈರಂಗಡಿಯಲ್ಲಿ ಮಾತ್ರ. ಹೋಗಿ ಮರಕ್ಕೆ ಗುದ್ದಿದ್ದ ಬಿಳಿ ಪಿಕಪ್ಪನ್ನು ಎಳೆದು ತಂದ. ಸೀಟಿನ ಕೆಳಗೆ ಮಕ್ಕಳ ಕಾಲುಚೀಲ ಒಂದಿತ್ತು. ಎರಡೂವರೆ ವಾರದಿಂದ ಗಾಡಿ ಅವನ ಹಿತ್ತಲಲ್ಲೇ ನಿಂತಿತ್ತು. ಅದಕ್ಕೂ ತಾನು ಎತ್ತದ ಬೋರ್ಡಿಗೂ ಸಂಬಂಧವಿರಬಹುದೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಈಗ ಹೊಳೆಯಿತು. ಎದೆ ಧಸಕ್ಕೆನ್ನಬೇಕು ಎಂದು ಕಾದ. ಏನೂ ಆಗಲಿಲ್ಲ. ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ತಿಂದ. ರುಚಿ ಇರಲಿಲ್ಲ, ಹಾಗೆಂದು ತಿನ್ನಲಾಗಲಿಲ್ಲವೆಂದೂ ಅಲ್ಲ.

ನೆವ್ ಗಂಟೆ ಬಾರಿಸಿ ಎದ್ದುನಿಂತ. ದಂಡದ ಹೊತ್ತು. ನೆವ್ ರಿಟೈರಾದ ಕಟುಕ. ಕ್ಲಬ್ಬಿನ ದಂಡಾಧಿಕಾರಿಯಾಗಿ ಹದಿನಾಲ್ಕು ವರ್ಷದಿಂದ ಪ್ರತಿ ಬುಧವಾರ ಹತ್ತು ನಿಮಿಷ ಎಲ್ಲರನ್ನೂ ಗೋಳುಹುಯ್ದುಕೊಳ್ಳುವುದು ಅವನ ಹಕ್ಕು. ಏನಾದರೂ ತಮಾಷೆಯ ತಪ್ಪು ಹೊರಿಸಿ ಒಂದೆರಡು ಡಾಲರ್ ದಂಡ ಹಾಕುತ್ತಾನೆ, ಕಟ್ಟದೆ ಇರುವಂತಿಲ್ಲ. ಡಬ್ಬಿಗೆ ನಾಣ್ಯ ಬಿದ್ದ ಮೇಲೆ ಆ ತಪ್ಪಿನ ಮಾತು ಇನ್ನೆಂದೂ ಎತ್ತುವಂತಿಲ್ಲ, ನಡಾವಳಿ ಪುಸ್ತಕದಲ್ಲಿ ಬರೆಯುವಂತೆಯೂ ಇಲ್ಲ.

"ಅಧ್ಯಕ್ಷರು ಪೇಪರಿನಲ್ಲಿ ಫೋಟೋ ಹಾಕಿಸ್ಕೊಂಡಿದಾರೆ. ಅದೂ ಹೊಟ್ಟೆ ಒಳಗೆಳ್ಕೊಂಡು. ಎರಡು ಡಾಲರ್!"

"ನಿನ್ ಹೊಟ್ಟೆ ಒಳಗೆಳೆಯೋಕೆ ಡಾರಿಲ್ ಲಾರಿ ಬೇಕಾಗುತ್ತೆ ಕಣೋ," ಅಂದಳು ಗ್ಲೆನಿಸ್, ನಾಣ್ಯ ಹಾಕುತ್ತ.

"ಕ್ಲೆಮ್ ತಾತ ಎಡಕ್ಕೊಂದು ಬಣ್ಣ ಬಲಕ್ಕೊಂದು ಬಣ್ಣದ ಕಾಲುಚೀಲ ಹಾಕ್ಕೊಂಡ್ ಬಂದಿದಾನೆ. ಒಂದು ಡಾಲರ್."

"ಮನೇಲಿ ಇಂಥದ್ದೇ ಇನ್ನೊಂದು ಜೊತೆ ಇದೆ ಕಣಯ್ಯಾ."

ನಗು ನಿಂತ ಮೇಲೆ ನೆವ್ ವಾಡಿಕೆಯಂತೆ ಕೇಳಿದ. "ತಾವಾಗೇ ತಪ್ಪೊಪ್ಪಿಕೊಳ್ಳೋರು ಯಾರಾದ್ರೂ ಇದೀರಾ? ಅರ್ಧ ರಿಯಾಯಿತಿ ಉಂಟು."

ಡಾರಿಲ್ ಎದ್ದ. ಏಳಬೇಕೆಂದು ತೀರ್ಮಾನಿಸಿದ್ದು ಅವನಿಗೆ ನೆನಪಿಲ್ಲ. ಮೊಣಕಾಲು ತಾನಾಗಿ ನೆಟ್ಟಗಾಯಿತು.

"ಈಸ್ಟರ್ ಸೋಮವಾರ ನಾನು ನಾಲ್ಕೂಕಾಲಿಗೇ ಶಟರು ಎಳೆದೆ."

"ಓಹೋ! ಯಾಕಪ್ಪಾ?"

"ಫುಟ್‌ಬಾಲ್ ಇತ್ತು."

ಕೋಣೆ ಹೋ ಎಂದಿತು. ನೆವ್ ಗಂಟೆ ಜೋರಾಗಿ ಆಡಿಸಿದ. "ಎರಡು ಡಾಲರ್! ಗೆದ್ದಿದ್ದು ಯಾರು?"

"ಆ ಕಡೆಯವರು."

"ಸೋತ ಟೀಮಿಗೋಸ್ಕರ ಅಂಗಡಿ ಮುಚ್ಚಿದ್ದಕ್ಕೆ ಇನ್ನೊಂದು! ರಿಯಾಯಿತಿ ಕ್ಯಾನ್ಸಲ್!"

ಡಾರಿಲ್ ಮೂರು ಡಾಲರ್ ಹಾಕಿದ. "ಬೋರ್ಡು ಎತ್ತಿಡಲಿಲ್ಲ," ಅಂದ. "ಎರಡೂ ಕಡೆ ಹಾಗೇ ಬಿಟ್ಟೆ."

ಮೊದಲು ನಗು ನಿಲ್ಲಿಸಿದವಳು ಗ್ಲೆನಿಸ್. ಕೈಯಲ್ಲಿದ್ದ ಪತ್ರವನ್ನು ಮೇಜಿನ ಮೇಲಿಟ್ಟಳು. ಉಳಿದವರು ಒಬ್ಬೊಬ್ಬರಾಗಿ ಲೆಕ್ಕ ಹಾಕುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ನಾಲ್ಕೂಕಾಲು, ಐದೂಕಾಲು. ನೆವ್ ಗಂಟೆಯ ನಾಲಿಗೆಯನ್ನು ಬೆರಳಿನಲ್ಲಿ ಹಿಡಿದುಕೊಂಡ.

"ಅಂದ್ರೆ ಆ ಹುಡುಗ ಬಂದಾಗ..." ಅಂದ ಕ್ಲೆಮ್.

"ಮುಚ್ಚಿತ್ತು," ಅಂದ ಡಾರಿಲ್.

ಔಷಧಿ ಅಂಗಡಿಯ ಈವೆಟ್ ಟೀ ಕಪ್ಪನ್ನು ಸುಮ್ಮನೆ ತಿರುಗಿಸುತ್ತ ಕೂತಳು. ನೆವ್ ಡಬ್ಬಿಯ ಮುಚ್ಚಳ ಹಾಕಿದ. "ನೋಡ್ ಮಾರಾಯ, ದಂಡ ಕಟ್ಟಾಯ್ತು. ಡಬ್ಬಿಗೆ ಬಿದ್ದ ಮೇಲೆ ಮುಗೀತು. ಇಲ್ಲಿಂದ ಆಚೆ ಹೋಗೋ ಮಾತಲ್ಲ ಇದು. ಅದೇ ಅಲ್ವಾ ನಮ್ಮ ನಿಯಮ?"

"ಹೌದಪ್ಪ," ಅಂದರು ಇಬ್ಬರು ಮೂವರು, ದೊಡ್ಡ ಭಾರ ಇಳಿದವರಂತೆ.

"ಆಯಮ್ಮನಿಗೆ ಏನು ಬರೆಯೋದು?" ಡಾರಿಲ್ ಕೇಳಿದ.

"ಬಂದಿದ್ದ, ಟೀ ಕುಡಿದ, ಒಳ್ಳೆಯವನಾಗಿದ್ದ ಅಂತ ಬರಿ," ಅಂದಳು ಈವೆಟ್. "ಇರೋದು ಅದೊಂದು ಸಮಾಧಾನ. ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ಅದನ್ನೂ ಕಿತ್ಕೋಬೇಕಾ?"

ಮನಸ್ಸು ಭಾರವಾಗಿರಲಿಲ್ಲ, ಹಗುರ ಮಾಡಿಕೊಳ್ಳಲು. ಅದನ್ನು ಹೇಳಿದರೆ ಇವರಿಗೆ ಅರ್ಥವಾಗುವುದಿಲ್ಲ. "ನಡಾವಳಿಯಲ್ಲಿ ಬರೀಬೇಕು," ಅಂದ. "ದಂಡದ್ದಾಗಿ ಬೇಡ. ಠರಾವು ಮಾಡಿ. ಅಂಗಡಿ ಮುಚ್ಚಿತ್ತು, ಬೋರ್ಡು ಎತ್ತಿರಲಿಲ್ಲ, ಸರದಿ ನಂದು ಅಂತ."

"ಪೊಲೀಸರು ಓದ್ತಾರೋ ಅದನ್ನ," ಅಂದ ನೆವ್ ಮೆಲ್ಲಗೆ. "ಶೆಡ್ಡನ್ನೇ ಮುಚ್ಚಿಸಿಬಿಡ್ತಾರೆ. ನಲವತ್ತು ವರ್ಷದ್ದು."

"ಅನುಮೋದಿಸೋರು ಬೇಕು," ಅಂದಳು ಗ್ಲೆನಿಸ್, ಯಾರ ಮುಖವನ್ನೂ ನೋಡದೆ.

ಅಡುಗೆಮನೆಯಲ್ಲಿ ಯಾರೋ ತಟ್ಟೆ ಜೋಡಿಸುವ ಸದ್ದು. ಕ್ಲೆಮ್ ಮೇಜು ಹಿಡಿದು ಎದ್ದು ನಿಂತ. "ನಾನು ಅನುಮೋದಿಸ್ತೀನಿ. ನಾಲ್ಕಕ್ಕೆ ಎದ್ದು ಹೋದವನು ನಾನು, ಅದನ್ನೂ ಸೇರಿಸ್ಕೊಳಮ್ಮ."

ಪರವಾಗಿ ಆರು ಕೈ, ವಿರುದ್ಧ ನಾಲ್ಕು. ನೆವ್ ವಿರುದ್ಧ ಎತ್ತಿದ, ಈವೆಟ್ ಕೂಡ. ಗ್ಲೆನಿಸ್ ಎತ್ತಲಿಲ್ಲ. ಪುಸ್ತಕದಲ್ಲಿ ನಾಲ್ಕು ಸಾಲು ಬರೆದು, ಮುಂದಿನ ವಿಷಯ ಶನಿವಾರದ ಸಾಸೇಜ್ ಮಾರಾಟ, ಈರುಳ್ಳಿ ಯಾರು ಹೆಚ್ಚುತ್ತೀರಿ ಎಂದು ಕೇಳಿದಳು. ಯಾರೋ ಒಪ್ಪಿಕೊಂಡರು.

ಸಭೆ ಮುಗಿದ ಮೇಲೆ ಬಾಗಿಲಲ್ಲಿ ಗ್ಲೆನಿಸ್ ಡಾರಿಲ್ ಕೈಗೆ ರೊವೀನಾಳ ಪತ್ರ ಕೊಟ್ಟಳು. "ಠರಾವಾದದ್ದನ್ನೇ ಬರೆದು ಹಾಕ್ತೀನಿ, ಕ್ಲಬ್ಬಿನ ಕಾಗದ ತಲುಪೋಕೆ ನಾಲ್ಕು ದಿನ. ಅಷ್ಟರೊಳಗೆ ನೀನೇ ಹೇಳ್ತೀಯೋ ಏನೋ ನೋಡು." ನೆವ್ ಮಾತಾಡಿಸದೆ ಕಾರು ಹತ್ತಿದ.

ಡಾರಿಲ್ ಲಾರಿಯಲ್ಲಿ ಕೂತು ನಂಬರು ಒತ್ತಿದ. ಎಂಟೂಕಾಲು. ಎರಡನೇ ರಿಂಗಿಗೇ ಎತ್ತಿದಳು. ಹಿಂದೆ ಮಗುವೊಂದು ತನ್ನ ಶೂ ಸಿಗುತ್ತಿಲ್ಲವೆಂದು ಕೂಗುತ್ತಿತ್ತು. ಅವನು ಹೆಸರು ಹೇಳಿ, ವಂಡಿಲ್ಲಾ ಕ್ಲಬ್ಬಿನಿಂದ ಅಂದ.

"ಅಯ್ಯೋ, ಇಷ್ಟು ಬೇಗ ಮಾಡ್ತೀರ ಅಂದ್ಕೊಂಡಿರ್ಲಿಲ್ಲ!" ಅಂದಳು. ಸ್ವರ ಎಳೆಯದು. "ಅವತ್ತು ಇದ್ದಿದ್ದು ನೀವೇನಾ? ಟೀಗೆ ಎಷ್ಟು ಸಕ್ಕರೆ ಹಾಕಿಸ್ಕೊಂಡ ಹೇಳಿ. ಮೂರು ತಾನೇ? ಡಾಕ್ಟ್ರು ಬೇಡ ಅಂದಿದ್ರು ರೀ. ನನ್ ಬೆನ್ನ ಹಿಂದೆ ಮೂರೇ ಹಾಕಿಸ್ಕೊಳ್ತಿದ್ದ."

ಮೂರು ಅನ್ನುವುದು ಸುಲಭವಿತ್ತು.

"ಅಂಗಡಿ ಮುಚ್ಚಿತ್ತು," ಅಂದ. "ನಾನು ಮುಂಚೇನೇ ಮನೆಗೆ ಹೋಗಿದ್ದೆ. ಅವರು ಬಂದಾಗ ಅಲ್ಲಿ ಯಾರೂ ಇರಲಿಲ್ಲ."

ಮಗು ಕೂಗುತ್ತಲೇ ಇತ್ತು.

"ಬೋರ್ಡು ಕಾಣ್ತು ಅಂದನಲ್ಲ?"

"ಬೋರ್ಡು ನಾನು ಎತ್ತಿರಲಿಲ್ಲ. ಬೆಳಿಗ್ಗೆ ಎತ್ತೋಣ ಅಂತ."

ಅವಳು ಮಗುವಿಗೆ ಸುಮ್ಮನಿರು ಅಂದಳು. ಬಾಗಿಲು ಹಾಕಿದ ಸದ್ದು ಕೇಳಿಸಿತು.

"ಇದನ್ನ ಯಾಕ್ರೀ ಹೇಳಿದ್ರಿ ನನಗೆ?" ಅಂದಳು. "ಅಪ್ಪ ಟೀ ಕುಡಿದಿದ್ದ ಅಂತ ಇವಳಿಗೆ ಹೇಳಿಬಿಟ್ಟಿದೀನಿ. ದಿನಾ ರಾತ್ರಿ ಕೇಳ್ತಾಳೆ. ಬಿಸ್ಕತ್ತೂ ಕೊಟ್ರು ಅಂತಾನೂ ಹೇಳಿದೀನಿ."

"ಗೊತ್ತಿಲ್ಲ," ಅಂದ ಡಾರಿಲ್. ನಿಜವಾಗಿಯೂ ಗೊತ್ತಿರಲಿಲ್ಲ.

ಅವಳು ಮೂಗು ಒರೆಸಿಕೊಂಡ ಸದ್ದು ಬಂತು. ನೆಗಡಿಯಾದಂಥ ಸ್ವರದಲ್ಲಿ ಕೇಳಿದಳು. "ನಿಮ್ಮ ಹೆಸರು ಏನಂದ್ರಿ?"

ಹೇಳಿದ.

"ತಡೀರಿ, ಪೆನ್ನು ತಗೋತೀನಿ. ಒಂದೊಂದೇ ಅಕ್ಷರ ಹೇಳಿ."

ಅವನು ಒಂದೊಂದೇ ಅಕ್ಷರ ಹೇಳಿದ. ಅವಳು ಬರೆದುಕೊಳ್ಳುತ್ತ ಹೋದಳು. ವಿಳಾಸವನ್ನೂ ಕೇಳಿದಳು, ಯಾಕೆಂದು ಕೇಳದೆ ತನ್ನ ಟೈರಂಗಡಿಯದನ್ನು ಹೇಳಿದ.