ಐದನೆಯ ಠರಾವಿಗೊಂದು ಒಡಪು

ಮೂರು ಗಿಳಿ ಬಿಸ್ಕಿಟ್ ಕಂಪನಿಯ ವಾರ್ಷಿಕ ಮಹಾಸಭೆಗೆ ಬರುವ ಶೇರುದಾರರಲ್ಲಿ ಎರಡು ಜಾತಿ. ಸಮೋಸಾ ತಿಂದು ಹೋಗುವವರು ಒಂದು, ತಿಂದಮೇಲೆ ಮನೆಗೊಂದು ಬಿಸ್ಕಿಟ್ ಡಬ್ಬಿಯನ್ನೂ ಒಯ್ಯುವವರು ಇನ್ನೊಂದು. ಆ ವರ್ಷ ಮಲ್ಕಾಜ್‌ಗಿರಿಯ ಬಂಡೆಪ್ಪ ಮೂರನೆಯ ಜಾತಿ ಹುಟ್ಟುಹಾಕಲು ಹೊರಟಿದ್ದ. ಅವನಿಗೆ ಪ್ರಶ್ನೆ ಕೇಳುವುದಿತ್ತು.

ಪ್ರಶ್ನೆ ಸಣ್ಣದು. ಅಬಿಡ್ಸ್‌ನಲ್ಲಿದ್ದ ಕಂಪನಿಯ ಹಳೆಯ ಅಂಗಡಿಯನ್ನು ಚೇರ್ಮನ್ ಸಾಹೇಬರ ಅಳಿಯನಿಗೆ ಮಾರಬೇಕೆಂಬುದು ಸಭೆಯ ಐದನೆಯ ಠರಾವು. ಅದರ ಬೆಲೆ ಕಟ್ಟಿದವರು ಯಾರು? ಬಂಡೆಪ್ಪ ಆ ಅಂಗಡಿಯ ಕೌಂಟರಿನ ಹಿಂದೆ ನಿಂತೇ ತಲೆ ನರೆಸಿಕೊಂಡವನು. ಪಕ್ಕದ ಚಪ್ಪಲಿ ಅಂಗಡಿ ಎಷ್ಟಕ್ಕೆ ಹೋಯಿತೆಂದು ಬಲ್ಲ. ಠರಾವಿನಲ್ಲಿ ಇದಕ್ಕೆ ಹಾಕಿದ್ದ ಬೆಲೆ ಅದರ ಅರ್ಧವೂ ಇರಲಿಲ್ಲ. ಕಂಪನಿಗೆ ಬರೆದು ಕೇಳಿದ್ದಕ್ಕೆ ಉತ್ತರ ಬಂದಿರಲಿಲ್ಲ.

"ಸಭಾದಾಗ ಕೇಳಿದ್ರ ನಡಾವಳಿ ಬುಕ್ಕಿನಾಗ ಬರೀಲೇಬೇಕು. ಬರದ್ರ ಉತ್ತರಾನೂ ಕೊಡಬೇಕಾಗ್ತೈತಿ. ಕೈ ಎತ್ತಸೂಕಿಂತ ಮೊದಲ ಕೇಳಬೇಕು, ಅಷ್ಟ," ಎಂದು ಹೆಂಡತಿ ಶಿವದೇವಿಗೆ ಹೇಳಿ, ವಾರವಿಡೀ ಮಾಳಿಗೆಯ ಮೇಲೆ ನಿಂತು ಭಾಷಣ ಹೊಡೆದ. ಗಂಟಲು ಕಾದಾಗಲೆಲ್ಲ ಐಸು ಹಾಕಿದ ಕಬ್ಬಿನ ಹಾಲು ಕುಡಿದ. ಸಭೆಯ ದಿನ ಬೆಳಿಗ್ಗೆ ಛಾ ಕೇಳಲು ಬಾಯಿ ತೆರೆದರೆ ಬರೀ ಗಾಳಿ ಬಂತು.

"ಆತಲ್ಲ! ಅಳಿಯಾರ ನಸೀಬ ಭಾಳ ಚಲೋ ಐತಿ," ಎಂದು ಶಿವದೇವಿ ಬಿದ್ದು ಬಿದ್ದು ನಕ್ಕಳು. ಗಂಡನ ಮುಖ ನೋಡಿದಮೇಲೆ ನಗು ತಡೆದು ಸೆರಗು ಸರಿಮಾಡಿಕೊಂಡಳು. "ಏಳ್ರಿ, ಹೋಗೂನು. ನಮ್ಮ ಶಾಂತಪ್ಪಣ್ಣ ಬರ್ತಾನಲ್ಲ, ಅವನ ಕಡೆ ಕೇಳ್ಸೂನು."

ಸಭೆ ಕಾಚಿಗುಡದ ಒಂದು ಫಂಕ್ಷನ್ ಹಾಲಿನಲ್ಲಿ. ಹಿಂದಿನ ದಿನದ ಮದುವೆಯ ಹೂವಿನ ಮಂಟಪವನ್ನು ಇನ್ನೂ ಬಿಚ್ಚಿರಲಿಲ್ಲ. ವಧೂವರರ ಕೆಂಪು ಸೋಫಾದ ಮೇಲೆ ಚೇರ್ಮನ್ ಸಾಹೇಬರು ಕೂತಿದ್ದರು. ಪಕ್ಕದಲ್ಲಿ ಸುಭದ್ರಾ ಮೇಡಂ, ಬ್ಯಾಂಕಿನಿಂದ ನಿವೃತ್ತರಾದವರು. ಮಾಲೀಕರ ಮನೆಗೆ ಸೇರದ ಹೊರಗಿನ ಡೈರೆಕ್ಟರ್ ಒಬ್ಬರಿರಬೇಕೆಂಬ ಕಾಯಿದೆಗಾಗಿ ಬಂದು, ಲೆಕ್ಕ ನೋಡುವ ಆಡಿಟ್ ಕಮಿಟಿಯ ಮುಖ್ಯಸ್ಥೆಯಾಗಿದ್ದರು. ಮೈಕು ಕಂಪನಿ ಸೆಕ್ರೆಟರಿ ರಾಮದಾಸರ ಕೈಯಲ್ಲಿತ್ತು. ರಾಯಚೂರಿನ ಮನುಷ್ಯ, ನಿಯಮವೆಂದರೆ ನಿಯಮ.

ನಾಲ್ಕು ಠರಾವು ಸಮೋಸಾದ ವಾಸನೆಗೇ ಪಾಸಾದವು. ಐದನೆಯದು ಬಂದಕೂಡಲೇ ಶಿವದೇವಿಯ ಅಣ್ಣ ಶಾಂತಪ್ಪ, ಅವಳು ಹೇಳಿಕೊಟ್ಟಿದ್ದ ಪ್ರಶ್ನೆ ಕೇಳಲು ಎದ್ದು ನಿಂತ.

"ನೀವು ಮೆಂಬರೋ, ಪ್ರಾಕ್ಸಿಯೋ?" ಎಂದರು ರಾಮದಾಸ.

"ಶೇರು ನಮ್ಮಾಕಿ ಹೆಸರಲೆ ಅದಾವ್ರಿ. ಆಕಿ ಬದಲಿಗೆ ನಾ ಬಂದೀನಿ."

"ಹಂಗಾರ ಪ್ರಾಕ್ಸಿ. ಪ್ರಾಕ್ಸಿಗೆ ಮಾತಾಡೋ ಹಕ್ಕಿಲ್ಲ, ಕೂಡ್ರಿ."

"ಮನ್ಯಾಗೂ ಇಲ್ರಿ ಸಾಹೇಬ್ರ. ಇಲ್ಲ್ಯಾರ ಸಿಕ್ಕೀತು ಅಂತ ಬಂದಿದ್ದೆ," ಎಂದು ಶಾಂತಪ್ಪ ಕೂತುಬಿಟ್ಟ.

ಇಡೀ ಸಭೆ ನಕ್ಕಿತು. ಬಂಡೆಪ್ಪ ನಗಲಿಲ್ಲ. ಅವನು ಎದ್ದು ನಿಂತು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಒಂದಕ್ಷರವೂ ಬಾರದೆ ಕಣ್ಣಲ್ಲಿ ನೀರಾಡಿತು. ಅದನ್ನು ನೋಡಿದ್ದೇ ಶಿವದೇವಿ ಅವನ ತೋಳು ಹಿಡಿದು ಕೂರಿಸಿದಳು. ಎದ್ದಳು.

"ನಾ ಕೇಳ್ತೀನ್ರಿ. ಶೇರಿನಾಗ ಇಬ್ಬರ ಹೆಸರೂ ಐತಿ."

"ಜಂಟಿ ಹೆಸರು. ನೀವು ಮಾತಾಡಬಹುದು, ಅಕ್ಕಾರ," ಎಂದು ರಾಮದಾಸ ಪೆನ್ನು ಹಿಡಿದರು. "ಮೊದಲನೇ ಹೆಸರು ಯಾರದು? ಮೈಕಿನಾಗ ಹೇಳ್ರಿ."

"ಅವರದು."

"ಅವರಂದ್ರ?"

"ಇವರ್ರಿ."

"ಇವರಂದ್ರ ಯಾರು?"

"ನಮ್ಮನಿಯವರು!"

"ಹೆಸರಿಲ್ಲದ ಪ್ರಶ್ನಿ ಬರಕೊಳ್ಳಾಕ ಬರೂದಿಲ್ರಿ ಅಕ್ಕಾರ."

ಶಿವದೇವಿ ಮದುವೆಯಾದಂದಿನಿಂದ ಗಂಡನ ಹೆಸರು ಹಿಡಿದು ಆಡಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡು ಮುಂದೆ ಹಿಡಿಯುತ್ತಿದ್ದಳು. ಗಂಡನಿಗೆ ಆಯುಷ್ಯ ಕಡಿಮೆಯಾಗುತ್ತದೆಂದು ತಾಯಿ ಹೇಳಿಕೊಟ್ಟದ್ದು. ಅದು ಸುಳ್ಳೆಂದು ಆಕೆಗೂ ಗೊತ್ತು. ನಾಲಿಗೆಗೆ ಮಾತ್ರ ಗೊತ್ತಿರಲಿಲ್ಲ.

ಚೇರ್ಮನ್ ಸಾಹೇಬರು ಕೈಗಡಿಯಾರ ನೋಡಿಕೊಂಡರು. "ಚಲೋ ಭಾಯ್, ಹಾಥ್ ಉಠಾವೋ," ಎಂದರು. ಮುಂದಿನ ಸಾಲಿನಲ್ಲಿ ಆಗಲೇ ನಾಲ್ಕಾರು ಕೈ ಅರ್ಧಕ್ಕೆ ಎದ್ದಿದ್ದವು. ಇನ್ನೊಂದು ಉಸಿರು ತಡವಾದರೆ ಅಂಗಡಿ ಹೋಯಿತು.

ಗಂಡನ ಹೆಸರಿಗೆ ಬಾಯಿ ಬಾರದ ಹೆಂಗಸರಿಗಾಗಿ ಅವಳ ತವರಿನ ಕಡೆಯ ಹಿರಿಯರು ಒಂದು ಕಿಟಕಿ ಬಿಟ್ಟಿದ್ದಾರೆ. ಅದು ಒಡಪು. ಪ್ರಾಸ ಕಟ್ಟಿ, ಆ ಪ್ರಾಸದ ಬಾಲಕ್ಕೆ ಹೆಸರು ಸಿಕ್ಕಿಸಿದರೆ ದೋಷವಿಲ್ಲ. ಎದುರಿಗೆ ಮದುವೆಯ ಮಂಟಪ ಬೇರೆ. ಶಿವದೇವಿ ಸೆರಗು ತಲೆಯ ಮೇಲೆಳೆದು ಮೈಕು ಹಿಡಿದಳು.

"ಅಬಿಡ್ಸ್ ಅಂಗಡಿ ಅಳಿಯಗ, ಮಾವನ ಕೈಲೆ ತುಪ್ಪ;
ರೇಟು ಕಟ್ಟಿದ್ದು ಯಾರಂತ ಕೇಳ್ತಾರ ನಮ್ಮನಿಯವರು ಬಂಡೆಪ್ಪ!"

ಸಭೆಯ ಅರ್ಧದಷ್ಟು ಜನ ಕನ್ನಡದವರು. ಅವರ ಚಪ್ಪಾಳೆಗೆ ಮಂಟಪದ ಹೂವು ಉದುರಿದವು. ಉಳಿದರ್ಧ ಜನ "ಏಮಂದಿ? ಕ್ಯಾ ಬೋಲೇ?" ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಸಭೆಯಲ್ಲಿ ಕೇಳಿದ ಪ್ರಶ್ನೆ ಎಲ್ಲರಿಗೂ ತಿಳಿಯಬೇಕೆಂಬುದೂ ನಿಯಮವೇ ಎಂದು ರಾಮದಾಸರಿಗೆ ಅನ್ನಿಸಿರಬೇಕು. ತುಪ್ಪವನ್ನೂ ಬಿಡದೆ ತೆಲುಗಿಗೆ ತಿರುಗಿಸಿದರು. ಅಳಿಯನೆಂಬುದಕ್ಕೆ "ಅಲ್ಲುಡು" ಎಂಬ ಮಾತು ಬಂದದ್ದೇ ತಡ, ಉಳಿದರ್ಧವೂ ಸಿಡಿಯಿತು. ಹಿಂದಿನಿಂದ ಯಾರೋ, "ಮಾವಗಾರೂ, ನಾವೂ ನಿಮ್ಮ ಅಳಿಯಂದಿರೇ!" ಎಂದು ಕೂಗಿದರು. ಎತ್ತಿದ್ದ ಕೈಗಳು ಮೆಲ್ಲಗೆ ತಲೆ ಕೆರೆದುಕೊಳ್ಳತೊಡಗಿದವು.

ನಗು ಇಳಿದಾಗ ಸುಭದ್ರಾ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಅವರ ದನಿ ಗಟ್ಟಿಯಾಯಿತು. "ಆಕೆ ಕೇಳಿದ್ದು ಸರಿಯಾಗಿದೆ. ಈ ಬೆಲೆಯ ಕಾಗದ ನಮ್ಮ ಆಡಿಟ್ ಕಮಿಟಿಗೆ ಬಂದೇ ಇಲ್ಲ. ಬರುತ್ತದೆ, ಬರುತ್ತದೆ ಎಂದು ನನ್ನನ್ನು ಕೂರಿಸಿದ್ದೀರಿ. ನಾಳೆ ಶೇರುಪೇಟೆ ಕಾಯುವ ಸೆಬಿಯವರು ಕೇಳಿದರೆ ನಾನೇನು ಒಡಪು ಹೇಳಲೇ?"

ಚೇರ್ಮನ್ ಸಾಹೇಬರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅಳಿಯ ಎಲ್ಲಿಯೂ ಕಾಣಲಿಲ್ಲ. ಕೊನೆಗೆ ಮದುಮಗನಂತೆ ತಲೆ ತಗ್ಗಿಸಿ, ಐದನೆಯ ಠರಾವನ್ನು ಹಿಂದಕ್ಕೆ ಪಡೆದಿರುವುದಾಗಿ ಹೇಳಿದರು. ಹೊರಗಿನವರಿಂದ ಬೆಲೆ ಕಟ್ಟಿಸಿ, ಕಮಿಟಿಗೆ ತೋರಿಸಿ, ಆಮೇಲಷ್ಟೇ ಮತ್ತೆ ಶೇರುದಾರರ ಮುಂದೆ ತರುವರಂತೆ.

ಬಂಡೆಪ್ಪ ದನಿಯಿಲ್ಲದೆಯೇ ಜೈಕಾರ ಹಾಕುತ್ತಿದ್ದ. ಶಾಂತಪ್ಪ ಅವನ ಬೆನ್ನಿಗೆ ಗುದ್ದಿ, "ನೀ ವಾರಗಟ್ಟಲೆ ಒದರಿದ್ದು ತಂಗಿ ಎರಡ ಸಾಲಿನಾಗ ಮುಗಿಸಿದಳಲ್ಲೋ!" ಎಂದ.

ಛಾ ಹಂಚುವಾಗ ರಾಮದಾಸ ನಡಾವಳಿ ಬುಕ್ಕು ಹಿಡಿದುಕೊಂಡೇ ಓಡಿಬಂದರು. "ಅಕ್ಕಾರ, ಚಪ್ಪಾಳಿ ಗದ್ದಲದಾಗ ಹೆಸರು ಪೂರಾ ಕೇಳಲಿಲ್ಲ. ಇನ್ನೊಮ್ಮೆ ಹೇಳಿದ್ರ ಬರಕೊಂಡು ಸೈ ಮಾಡಿಸ್ತೀನಿ."

"ಅವರನ್ನ ಕೇಳ್ರಿ."

ಬಂಡೆಪ್ಪ ಬಾಯಿ ತೆರೆದು ಗಾಳಿ ಬಿಟ್ಟ. ಆಮೇಲೆ ಗಂಟಲು ತೋರಿಸಿ, ಹೆಂಡತಿಯ ಕಡೆ ಎರಡೂ ಕೈ ಚಾಚಿ, ತುಂಟ ಹುಡುಗನಂತೆ ಕಣ್ಣು ಮಿಟುಕಿಸಿದ. ಪೆನ್ನು ಅವನ ಪಕ್ಕದಲ್ಲೇ ಇತ್ತು, ಬರೆದು ಕೊಡಬಹುದಿತ್ತು. ಅವನಿಗೆ ಬೇಕಾದದ್ದೇ ಬೇರೆ. ಛಾ ಕಪ್ಪು ಹಿಡಿದ ಜನ ಸುತ್ತಲೂ ಕೂಡಿದರು. ಸುಭದ್ರಾ ಮೇಡಂ ಕೂಡ ಹತ್ತಿರ ಬಂದು ನಿಂತರು.

ಶಿವದೇವಿ ಕಿವಿಯವರೆಗೆ ಕೆಂಪಾದಳು. ಕೈಯಲ್ಲಿದ್ದ ಸಮೋಸಾವನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು.

"ಮಾರೋ ಮಾತು ಮುಗೀತು, ಸಮೋಸಾಕ್ಕ ಕಮ್ಮಿ ಐತಿ ಉಪ್ಪ;
ಬುಕ್ಕಿನಾಗ ದಪ್ಪಗೆ ಬರೀರಿ, ನಮ್ಮನಿಯವರು ಬಂಡೆಪ್ಪ!"

ರಾಮದಾಸ ದಪ್ಪಗೇ ಬರೆದರು.